ಮೆಕ್ಕೆಜೋಳದ ಹುಳಕ್ಕೆ ಬೇವಿನ ಬೀಜ: ನನ್ನ ಅನುಭವ

2018ರಲ್ಲಿ ಶಿವಮೊಗ್ಗದ ಕಡೆ ಕಂಡ, ಮೆಕ್ಕೆಜೋಳದ ಸುಳಿ ತಿನ್ನುವ ಸೈನಿಕ ಹುಳು ನಮ್ಮ ಜಗಳೂರಿಗೆ ಬರಲು ಜಾಸ್ತಿ ದಿನ ಬೇಕಾಗಲಿಲ್ಲ. ನನ್ನದು ಮೂರು ಎಕರೆ, ಮಳೆ ನಂಬಿದ ಹೊಲ. ಮೊದಲ ವರ್ಷ ಮೂರು ಸಲ ಔಷಧಿ ಹೊಡೆದೆ. ಕೂಲಿ ಸೇರಿ ಎಂಟು-ಒಂಬತ್ತು ಸಾವಿರ ಹೋಯಿತು, ಅದೂ ಅಂಗಡಿ ಸಾಲ. ಆದರೂ ಸುಳಿಯಲ್ಲಿ ಹಿಕ್ಕೆ ಕಾಣುತ್ತಲೇ ಇತ್ತು.

ಬದುವಿನಲ್ಲೇ ಐದು ಬೇವಿನ ಮರ ಇವೆ. ಅದರ ಬೀಜದ ಕಷಾಯ ಹೊಡೀತೀನಿ ಅಂದಾಗ ಪಕ್ಕದ ಹೊಲದ ದೊಡ್ಡಪ್ಪ, "ಹುಳಕ್ಕೆ ಜ್ವರ ಬಂದೈತೇನೋ, ಕಷಾಯ ಕುಡಿಸಾಕೆ?" ಎಂದು ಕೇಳಿದ್ದರು.

ಮೊದಲ ಸಲ ಏನೂ ಆಗಲಿಲ್ಲ. ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ವರ್ಷದಿಂದ ಬಿದ್ದಿದ್ದ ಬೀಜ ಅದು, ಅರ್ಧ ಬೂಷ್ಟು ಹಿಡಿದಿತ್ತು. ಮುಂದಿನ ವರ್ಷ ಹೊಸ ಬೀಜ ತಂದೆ, ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಹೊಡೆದೆ. ಬೇವಿನ ಸತ್ವ ಬಿಸಿಲಿಗೆ ಬೇಗ ಹೋಗುತ್ತದೆ. ನಾಲ್ಕು ಆಳಿನ ಕೂಲಿ ದಂಡ. ನಿಜವಾದ ಪಾಠ ಕಲಿಸಿದ್ದು ಮಾತ್ರ ನಮ್ಮ ಬೋರ್ ನೀರು. ಸೌಳು ನೀರಿನಲ್ಲಿ ಸೋಪು ಮೊಸರಿನಂತೆ ಒಡೆಯಿತು, ನಾಜಲ್ ಕಟ್ಟಿತು. ಕ್ಷಾರ ಜಾಸ್ತಿ ಇದ್ದರೆ ಬೇವಿನ ಸತ್ವವೂ ಉಳಿಯುವುದಿಲ್ಲ. ಈಗ ಕೃಷಿ ಹೊಂಡದ ಮಳೆ ನೀರು ಬಳಸುತ್ತೇನೆ, ಸೋಪಿನ ಬದಲು ಅಂಟುವಾಳ. ಹೊಂಡ ಒಣಗಿದಾಗ ಬೋರ್ ನೀರಿಗೆ ಮನೆಯ ಒಂದು ಹುಳಿ ಪದಾರ್ಥ ಸೇರಿಸುತ್ತೇನೆ. ಅದರ ಅಳತೆ ಇನ್ನೊಂದು ವರ್ಷ ನೋಡಿ ಹೇಳುತ್ತೇನೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ಐದು ಕಿಲೋ ಬೇವಿನ ಬೀಜದ ತಿರುಳು ತರಿತರಿ ಕುಟ್ಟಿ, ಹತ್ತು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಹಿಂಡಿ, ನೀರು ಸೇರಿಸಿ ನೂರು ಲೀಟರ್ ಮಾಡುವುದು. ಹಳೆ ಪಂಚೆಯಲ್ಲಿ ಎರಡು ಸಲ ಸೋಸಿ. ಅವತ್ತೇ ಸಂಜೆ ಹೊಡೆದು ಮುಗಿಸಿ. ನಾನು ನೆನೆಸುವ ಮುಂಚೆ ತಿರುಳಿಗೆ ಇನ್ನೊಂದು ಕೆಲಸ ಮಾಡುತ್ತೇನೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಬಿತ್ತಿ ಹದಿನೈದು ದಿನಕ್ಕೆ ಮೊದಲ ಸಲ, ಆಮೇಲೆ ಎಂಟು-ಹತ್ತು ದಿನಕ್ಕೊಂದರಂತೆ ಎರಡು ಸಲ. ಸುಳಿಗೇ ಬೀಳಬೇಕು. ಮರುದಿನ ಹೋಗಿ ನೋಡಿದರೆ ಹುಳ ಓಡಾಡುತ್ತಿರುತ್ತದೆ, ಗಾಬರಿ ಬೇಡ. ಅದು ತಿನ್ನುವುದನ್ನು ಬಿಡುತ್ತದೆ, ಪೊರೆ ಕಳಚಲಾಗದೆ ನಾಲ್ಕೈದು ದಿನದಲ್ಲಿ ಸಾಯುತ್ತದೆ. ಇಷ್ಟು ಕಾಯದೆ ಬಿಟ್ಟವರೇ ಜಾಸ್ತಿ. ಆದರೆ ದೊಡ್ಡದಾಗಿ ಬೆಳೆದ ಹುಳಕ್ಕೆ ಇದು ಆಗುವುದಿಲ್ಲ. ಅಂಥ ಗಿಡದ ಸುಳಿಗೆ ಮರಳು, ಸ್ವಲ್ಪ ಸುಣ್ಣ ಬೆರೆಸಿ ಹಾಕಿ ನೋಡಿದೆ. ನಾಲ್ಕು ಸಾಲಿನಲ್ಲಿ ಚೆನ್ನಾಗಿ ಬಂತು, ಮೂರು ಎಕರೆಗೆ ಕೈಲಾಗದ ಕೆಲಸ.

ಗಿಡದ್ದು ಅಂದರೆ ಸುಮ್ನೆ ನೀರಿದ್ದ ಹಾಗೆ ಅಂದುಕೊಳ್ಳಬೇಡಿ. ಒಂದು ಸಲ ತಂಬಾಕಿನ ಕಷಾಯ ಮಾಡಿದೆ. ಕ್ಯಾನು ಸೋರಿ ಬೆನ್ನು ನೆನೆಯಿತು. ಅರ್ಧ ಗಂಟೆಯಲ್ಲಿ ತಲೆ ಸುತ್ತು, ವಾಂತಿ. ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತದೆ. ಅವತ್ತೇ ಆ ಕಷಾಯ ಬಿಟ್ಟೆ. ಸೀತಾಫಲದ ಬೀಜ ಪುಡಿ ಮಾಡುವಾಗ ಮನೆಯವಳ ಕಣ್ಣಿಗೆ ದೂಳು ಹೋಗಿ ಎರಡು ದಿನ ಕಣ್ಣು ಬಿಡಲಾಗಲಿಲ್ಲ. ಅದು ಕಣ್ಣಿಗೆ ಬಹಳ ಕೆಟ್ಟದ್ದು, ನಮ್ಮ ಮನೆಯಲ್ಲಿ ಅದನ್ನೂ ನಿಲ್ಲಿಸಿದೆವು. ಬೇವಿಗೂ ಕೈಗವಸು, ಮುಖಕ್ಕೆ ಬಟ್ಟೆ ಹಾಕುತ್ತೇನೆ. ಕ್ಯಾನು ತೊಳೆದ ನೀರು ಮೀನಿರುವ ಹೊಂಡಕ್ಕೆ ಬಿಡುವುದಿಲ್ಲ.

ಹೋದ ಮುಂಗಾರಿನ ಲೆಕ್ಕ ಹೇಳುತ್ತೇನೆ. ಎರಡು ಹೆಣ್ಣಾಳು ಮೂರು ದಿನ ಬೀಜ ಆರಿಸಿ, ಸಿಪ್ಪೆ ತೆಗೆದಿದ್ದು ಸುಮಾರು 1,800 ರೂಪಾಯಿ. ಅಂಟುವಾಳ, ಹೊಡೆಯುವ ಕೂಲಿ ಎಲ್ಲ ಸೇರಿ ಐದು ಸಾವಿರ ದಾಟಲಿಲ್ಲ. ಎಕರೆಗೆ ಹದಿನೆಂಟು ಕ್ವಿಂಟಾಲ್ ಹತ್ತಿರ ಬಂತು. ಔಷಧಿ ಹೊಡೆದ ವರ್ಷಕ್ಕಿಂತ ಒಂದು ಕ್ವಿಂಟಾಲ್ ಜಾಸ್ತಿಯೇ. ಎಲೆ ಮೇಲೆ, ಬೆಳೆಯ ಕೀಟ ತಿನ್ನುವ ಗುಲಗಂಜಿ ಹುಳಗಳು ಮತ್ತೆ ಓಡಾಡಿದವು, ನನಗೆ ಅದೇ ಹೆಚ್ಚು ಖುಷಿ.

ಈ ಜುಲೈನಲ್ಲಿ ದೊಡ್ಡಪ್ಪನೂ ನಮ್ಮ ಮರದ ಕೆಳಗೆ ಗೋಣಿಚೀಲ ಹಾಸಿದರು. ಬೀಜ ನೆರಳಲ್ಲೇ ಒಣಗಿಸಿ ಎಂದು ಹೇಳಿದ್ದೇನೆ.