ಮೂರಡಿ ಗೆರೆಯ ಕೆಳಗಿನ ಮನೆ

ಕಿಡ್ಸ್ ರೂಮ್ ಮಾಡಿಕೊಡಿ ಅಂತ ಬರುವವರಿಗೆ ನಾನು ಈಗ ಮೊದಲು ಹೇಳುವುದೇ, ಆ ರೂಮ್ ಬೇಡ ಅಂತ. ಕಾರ್ ಆಕಾರದ ಮಂಚ, ಕಾರ್ಟೂನ್ ಲ್ಯಾಮಿನೇಟ್, ಲಾಫ್ಟ್‌ವರೆಗೆ ವಾರ್ಡ್‌ರೋಬ್ ಸೇರಿದರೆ ಎರಡೂವರೆ ಲಕ್ಷಕ್ಕೆ ಕಡಿಮೆ ಇಲ್ಲ. ಎರಡು ವರ್ಷದ ಮಗು ಅಲ್ಲಿ ಮಲಗುತ್ತಾ? ಅಮ್ಮನ ಮಗ್ಗುಲಲ್ಲೇ ಮಲಗುತ್ತೆ. ಆಟ ಹಾಲ್‌ನಲ್ಲಿ, ಉಳಿದ ಹೊತ್ತೆಲ್ಲ ಅಡುಗೆಮನೆ ಬಾಗಿಲಲ್ಲಿ.

ಮೈಸೂರಿನ ಒಂದು ಟೂ ಬಿಎಚ್‌ಕೆಯಲ್ಲಿ ನೆಲದಿಂದ ಮೂರಡಿಗೆ ಬಳಪದಲ್ಲಿ ಗೆರೆ ಎಳೆದೆ. ಕೆಳಗಿನದೆಲ್ಲ ಮಗುವಿನ ಕೈಗೆ ಸಿಗಬೇಕು, ಅಪಾಯದ್ದೆಲ್ಲ ಮೇಲೆ ಹೋಗಬೇಕು. ಕಾರ್ಪೆಂಟರ್‌ಗೆ ನಂಬಿಕೆ ಬರಲಿಲ್ಲ. ಅಜ್ಜಿಯಂತೂ, "ಕೈಗೆ ಸಿಕ್ಕಿದ್ದೆಲ್ಲ ಎಳೆದು ಹಾಕುತ್ತೆ ಕಣಪ್ಪ" ಅಂದರು.

ಎಳೆದು ಹಾಕಿತು, ನಿಜ. ಮೊದಲ ಕೆಲವು ದಿನ. ಆಮೇಲೆ ಶೆಲ್ಫ್‌ನಲ್ಲಿ ಆರೇಳು ಸಾಮಾನು ಮಾತ್ರ ಬಿಟ್ಟು ಉಳಿದದ್ದನ್ನು ಲಾಫ್ಟ್‌ಗೆ ಹಾಕಿಸಿದೆ. ಆಗಾಗ ಬದಲಿಸುವುದು. ಮಗು ಒಂದೇ ಆಟಿಕೆ ಹಿಡಿದು ಜಾಸ್ತಿ ಹೊತ್ತು ಕೂರತೊಡಗಿತು, ವಾಪಸ್ ಇಡುವ ಜಾಗವೂ ಗೊತ್ತಾಯಿತು. ಮಾರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ ಶಾಲೆಗೆ ಮಕ್ಕಳ ಅಳತೆಯ ಮೇಜು ಕುರ್ಚಿ ಮಾಡಿಸಿದ್ದರು. ಅದನ್ನು ನಮ್ಮ ಫ್ಲ್ಯಾಟ್‌ಗಳಿಗೆ ಹೊಂದಿಸಿದ್ದು ನನ್ನ ಕೆಲಸ. ಕುರ್ಚಿ ಹತ್ತು ಇಂಚು, ಮೇಜು ಹದಿನೆಂಟರ ಆಸುಪಾಸು. ಪಾದ ನೆಲಕ್ಕೆ ಊರಬೇಕು, ಅಷ್ಟೇ.

ದುಡ್ಡು ತಿಂದದ್ದು ವಾಶ್‌ಬೇಸಿನ್ ಮುಂದಿನ ಮೆಟ್ಟಿಲು. ಮಾಮೂಲಿ ಕಮರ್ಷಿಯಲ್ ಪ್ಲೈವುಡ್ ನೀರು ಕುಡಿದು ಒಂದೇ ಮಳೆಗಾಲಕ್ಕೆ ಅಂಚು ಬಿಚ್ಚಿಕೊಂಡಿತು. ಮತ್ತೆ ನೀರು ತಡೆಯುವ 710 ಗ್ರೇಡ್ ಪ್ಲೈವುಡ್‌ನಲ್ಲಿ ಮಾಡಿಸಿ, ಅಡಿಗೆ ರಬ್ಬರ್ ಕೊಟ್ಟೆ. ಸುಮಾರು ನಾಲ್ಕು ಸಾವಿರ ದಂಡ. ಈಗ ಮಗು ಕೈ ತೊಳೆಯೋಕೆ ಯಾರನ್ನೂ ಕರೆಯಲ್ಲ.

ಬ್ಲಾಕ್‌ಬೋರ್ಡ್ ಪೇಂಟೂ ಮೂರ್ನಾಲ್ಕು ತಿಂಗಳಿಗೆ ಚಕ್ಕೆ ಎದ್ದಿತು. ಅಡುಗೆಮನೆ ಕೆಲಸದಲ್ಲಿ ಉಳಿದ ಒಂದು ಕಡಪ ಕಲ್ಲು ಬಿದ್ದಿತ್ತು. ಪಾಲಿಶ್ ಮಾಡಿಸದೆ ಗೋಡೆಯ ಕೆಳಭಾಗಕ್ಕೆ ಕೂರಿಸಿದೆ. ಬಳಪವೂ ನಡೆಯುತ್ತೆ, ಆದರೆ ಮಜಾ ಇರುವುದು ನೀರಿನಲ್ಲಿ. ಬ್ರಶ್ ಅದ್ದಿ ಎಳೆದರೆ ಬೂದು ಕಲ್ಲಿನ ಮೇಲೆ ಕಪ್ಪು ಗೆರೆ ಮೂಡುತ್ತೆ. ಫ್ಯಾನ್ ಗಾಳಿಗೆ ಅಂಚಿನಿಂದ ಒಣಗುತ್ತಾ ಮಾಯವಾಗುತ್ತೆ. ಮಗು ಮತ್ತೆ ಎಳೆಯುತ್ತೆ. ಗೋಡೆ ಗಲೀಜಿಲ್ಲ, ಖರ್ಚಿಲ್ಲ. ಇಂಥದ್ದು ಬೇರೆ ಯಾರ ಕೆಲಸದಲ್ಲೂ ನಾನು ನೋಡಿಲ್ಲ.

ಡ್ರಾಯರ್ ಹಿಡಿಗಳಿಗೆ ಚನ್ನಪಟ್ಟಣದಿಂದ ಅರಗಿನ ಬಣ್ಣದ ಗುಬುಟು ತರಿಸಿದೆ. ಪುಟ್ಟ ಮುಷ್ಟಿಗೆ ಸರಿಯಾಗಿ ಕೂರುತ್ತೆ. ಅದನ್ನು ಮಾಡುವ ಹಾಲೆ ಮರ ಮೆದು, ಎಳೆದೆಳೆದು ಸ್ಕ್ರೂ ಸಡಿಲವಾಗುತ್ತಿತ್ತು. ಅದಕ್ಕೊಂದು ಉಪಾಯ ಮಾಡಿದ್ದೀನಿ, ಇಲ್ಲಿ ಬರೆಯಲ್ಲ. ವರ್ಷದ ಮೇಲಾಯಿತು, ಒಂದೂ ಕಿತ್ತಿಲ್ಲ.

ಒಟ್ಟು ಎಂಬತ್ತು ತೊಂಬತ್ತು ಸಾವಿರದೊಳಗೆ ಮುಗಿಯಿತು. ಶೆಲ್ಫ್‌ಗೆ ಬಾಗಿಲಿಲ್ಲ, ಹಿಂಜ್ ಇಲ್ಲ, ಅದರ ಸಂದಿಗೆ ಬೆರಳು ಸಿಕ್ಕಿಕೊಳ್ಳುವ ಭಯವೂ ಇಲ್ಲ. ಉಳಿದ ದುಡ್ಡಲ್ಲಿ ಕಿಟಕಿ ಗ್ರಿಲ್ ಮತ್ತೆ ಮಾಡಿಸಿದೆವು. ಶೆಲ್ಫ್ ಎಷ್ಟೇ ಗಿಡ್ಡ ಇರಲಿ, ಎಲ್ ಕ್ಲ್ಯಾಂಪ್ ಹಾಕಿ ಗೋಡೆಗೆ ಬಿಗಿಸದೆ ನಾನು ಸೈಟ್ ಬಿಟ್ಟು ಬರಲ್ಲ. ಮಗು ಅದನ್ನು ಹತ್ತಿಯೇ ಹತ್ತುತ್ತೆ.