ಯುಕೆಗೆ ಹೊಸದಾಗಿ ಬಂದ ಹುಬ್ಬಳ್ಳಿ-ಗದಗ ಕಡೆಯವರಿಗೆ: ಊರಿನವರ ಬೆಟ್ ನಿಮ್ಮ ಅಕೌಂಟಿನಲ್ಲಿ ಬೇಡ

ಐಪಿಎಲ್ ಶುರುವಾಯಿತೆಂದರೆ ಯುಕೆಯಲ್ಲಿರುವ ನಮ್ಮ ಕಡೆಯ ಹುಡುಗರ ಫೋನಿಗೆ ಊರಿಂದ ಒಂದು ಮೆಸೇಜು ಬಂದೇ ಬರುತ್ತದೆ. "ಅಲ್ಲೆ ಬೆಟ್ಟಿಂಗ್ ಲೀಗಲ್ ಐತಲ್ಲೋ ತಮ್ಮಾ. ನಿನ್ನ ಅಕೌಂಟಿನ್ಯಾಗ ಒಂದ್ ಇಪ್ಪತ್ತು ಪೌಂಡ್ ಹಚ್ಚು. ರೊಕ್ಕ ನಾ ಇಲ್ಲೆ ಕಾಕಾನ ಕೈಯಾಗ ಕೊಡ್ತೀನಿ." ಕಳಿಸುವವನು ದೊಡ್ಡಪ್ಪನ ಮಗನೋ, ಹಳೇ ಗೆಳೆಯನೋ ಆಗಿರುತ್ತಾನೆ. ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಪ್ರತಿ ಸೀಸನ್‌ನಲ್ಲೂ ಹೊಸದಾಗಿ ಬಂದ ಯಾರೋ ಒಬ್ಬರು ಇದಕ್ಕೆ ಹೂಂ ಅಂದು ಸಿಕ್ಕಿಹಾಕಿಕೊಳ್ಳುತ್ತಾರೆ. ಅದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲರಿಗೂ ಗೊತ್ತಿರುವುದನ್ನು ಬೇಗ ಮುಗಿಸುತ್ತೇನೆ. 18 ತುಂಬಿರಬೇಕು. ಕಂಪನಿಗೆ ಇಲ್ಲಿ ಜೂಜಿನ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್‌ನ ಲೈಸೆನ್ಸ್ ಇರಬೇಕು, ಇದೆಯೋ ಇಲ್ಲವೋ ಅಂತ ಕಮಿಷನ್‌ನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಗೆದ್ದ ಹಣಕ್ಕೆ ಇಲ್ಲಿ ತೆರಿಗೆ ಇಲ್ಲ. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ ಬೆಟ್ ಹಾಕುವ ಹಾಗಿಲ್ಲ.

ಈ ಕೊನೆಯ ನಿಯಮ ನನಗೆ ತುಂಬಾ ಹಿಡಿಸಿದೆ. ನಮ್ಮ ಕಡೆ ಕ್ರಿಕೆಟ್ ಬೆಟ್ಟಿಂಗ್‌ನಿಂದ ಮನೆಗಳು ಹಾಳಾಗಿದ್ದು ಬಹುಪಾಲು ಉದ್ರಿಯಿಂದ. ಬುಕ್ಕಿ ಮೊದಲು ರೊಕ್ಕ ಕೇಳುವುದಿಲ್ಲ, ಪಟ್ಟಿಯಲ್ಲಿ ಬರೆದುಕೊಳ್ಳುತ್ತಾನೆ. ಸೀಸನ್ ಮುಗಿದ ಮೇಲೆ ವಸೂಲಿಗೆ ಬರುತ್ತಾನೆ. ಬೈಕು ಹೋಗುತ್ತದೆ, ಹೆಂಡತಿಯ ಬಂಗಾರ ಹೋಗುತ್ತದೆ, ಕೆಲವರ ಹೊಲವೂ ಹೋಗಿದೆ. ಇಲ್ಲಿ ನಿಮ್ಮ ಡೆಬಿಟ್ ಕಾರ್ಡಿನಲ್ಲಿ ಇದ್ದಷ್ಟೇ ಆಟ. ಆ ಮಟ್ಟಿಗೆ ಈ ದೇಶದ ವ್ಯವಸ್ಥೆ ಮೇಲು.

ಆದರೆ ಇಲ್ಲಿ ಬೇರೆ ಒಂದು ಅಪಾಯ ಇದೆ. ಏನನ್ನೂ ಮುಚ್ಚಿಡದ ಕಾರಣ ಇದು ಅಪಾಯ ಅಂತಲೇ ಅನ್ನಿಸುವುದಿಲ್ಲ. ದಿನಸಿ ಅಂಗಡಿಯ ಪಕ್ಕದಲ್ಲೇ ಬೆಟ್ಟಿಂಗ್ ಅಂಗಡಿ. ಏಪ್ರಿಲ್‌ನಲ್ಲಿ ಗ್ರ್ಯಾಂಡ್ ನ್ಯಾಷನಲ್ ಕುದುರೆ ರೇಸು ಬಂದರೆ ಆಫೀಸಿನಲ್ಲೇ ಚೀಟಿ ಎತ್ತುತ್ತಾರೆ. ಎರಡು ಪೌಂಡ್ ಕೊಟ್ಟು ಒಂದು ಕುದುರೆಯ ಹೆಸರು ತಗೊಳ್ಳುವುದು, ಅಷ್ಟೇ. ಅದರಲ್ಲಿ ಸೇರಿಕೊಳ್ಳಿ, ತಪ್ಪೇನಿಲ್ಲ. ಹುಬ್ಬಳ್ಳಿಯಲ್ಲಿ ಬೆಟ್ಟಿಂಗ್ ಅಂದರೆ ಪೊಲೀಸ್ ದಾಳಿ, ಓಸಿ (ಮಟ್ಕಾ) ಚೀಟಿ ಅಂತ ಕೇಳಿ ಬೆಳೆದವರಿಗೆ ಇದನ್ನೆಲ್ಲ ನೋಡಿ ಮನಸ್ಸು ಹಗುರಾಗುತ್ತದೆ. ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳಲು ಅಷ್ಟು ಸಾಕು.

ಇನ್ನೊಂದು ಸೆಳೆತ, ನಮಗೆ ಕ್ರಿಕೆಟ್ ಗೊತ್ತು ಅನ್ನುವ ಧೈರ್ಯ. ಗೊತ್ತಿರುವುದು ನಿಜ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಗದಗಿನ ಸುನಿಲ್ ಜೋಶಿ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ದಿನ ಬೆಳಿಗ್ಗೆ ಅದನ್ನು ಯಾರು ಹೇಳಬಹುದಿತ್ತು? ಆಟ ಅರ್ಥವಾಗುವುದು ಬೇರೆ, ಬೆಲೆ ಅರ್ಥವಾಗುವುದು ಬೇರೆ. ಬೆಟ್ಟಿಂಗ್ ಕಂಪನಿ ನಿಮಗೆ ಮಾರುವುದು ಬೆಲೆಯನ್ನು.

ಬೆಲೆ ಅಂದರೆ ಗೆದ್ದರೆ ಎಷ್ಟು ಸಿಗುತ್ತದೆ ಅನ್ನುವ ದರ. ಇಲ್ಲಿ ಅದನ್ನು 10/11 ಅಂತ ಬರೆದಿರುತ್ತಾರೆ. 11 ಪೌಂಡ್ ಹಾಕಿದರೆ ಗೆದ್ದಾಗ 10 ಪೌಂಡ್ ಲಾಭ, ಜೊತೆಗೆ ಹಾಕಿದ 11 ವಾಪಸ್. ಎರಡೂ ತಂಡಕ್ಕೆ ಇದೇ ಬೆಲೆ ಅಂದುಕೊಳ್ಳಿ. ಒಬ್ಬ ಈ ಕಡೆ 11, ಇನ್ನೊಬ್ಬ ಆ ಕಡೆ 11 ಹಾಕಿದರು. ಕಂಪನಿಗೆ ಬಂದದ್ದು 22, ಗೆದ್ದವನಿಗೆ ಕೊಡುವುದು 21. ಯಾರೇ ಗೆಲ್ಲಲಿ, ಒಂದು ಪೌಂಡ್ ಅವರದ್ದು. ಐದು ಪಂದ್ಯಗಳನ್ನು ಒಂದೇ ಬೆಟ್‌ಗೆ ಪೋಣಿಸುವ ಅಕ್ಯುಮುಲೇಟರ್‌ನಲ್ಲಿ ಇದು ಇನ್ನೂ ಬೆಳೆಯುತ್ತದೆ. ಐದೂ ಸಮಬಲದ ಪಂದ್ಯಗಳಾದರೆ 10 ಪೌಂಡಿಗೆ ನ್ಯಾಯವಾಗಿ 320 ಬರಬೇಕು. 10/11ರ ಲೆಕ್ಕದಲ್ಲಿ ಬರುವುದು ಸುಮಾರು 253. ಆ್ಯಪ್‌ಗಳು ಇದನ್ನೇ ಜಾಸ್ತಿ ತೋರಿಸುವುದು ಸುಮ್ನೆ ಅಲ್ಲ.

ಹೊಸ ಗಿರಾಕಿಗೆ ಕೊಡುವ "ಫ್ರೀ ಬೆಟ್" ಬಗ್ಗೆ ಒಂದೇ ಮಾತು. ಗೆದ್ದರೆ ಸಾಮಾನ್ಯವಾಗಿ ಲಾಭ ಮಾತ್ರ ಸಿಗುತ್ತದೆ, ಆ ಫ್ರೀ ಬೆಟ್‌ನ ಮೊತ್ತ ಕೈಗೆ ಬರುವುದಿಲ್ಲ.

ಈಗ ಊರಿನ ಮೆಸೇಜಿಗೆ ಬರೋಣ.

ಗದಗ ಕಡೆಯ ಒಬ್ಬ ಹುಡುಗ, ಕೆಲಸದ ವೀಸಾದಲ್ಲಿ ಬಂದು ವರ್ಷ ತುಂಬಿರಲಿಲ್ಲ. ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟಿರುವ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಬೆಟ್ ಹಾಕಲು ಹೇಳಿದ. ಇವನು ಹಾಕಿದ. ಊರಿನ ರಾತ್ರಿ ಏಳೂವರೆಯ ಪಂದ್ಯ ಇಲ್ಲಿ ಮಧ್ಯಾಹ್ನ 3 ಗಂಟೆಗೆ ಶುರು, ಅಂದರೆ ಸರಿಯಾಗಿ ಆಫೀಸಿನ ಹೊತ್ತು. ಮೀಟಿಂಗ್ ನಡುವೆ ಫೋನ್ ಗುಂಯ್ ಅನ್ನುತ್ತಿತ್ತು. "ಮುಂದಿನ ಓವರ್ ಹತ್ತು ರನ್ನಿನ ಮ್ಯಾಲೆ, ಲಗೂನ ಹಚ್ಚು." ಅಣ್ಣ ನೋಡುತ್ತಿದ್ದ ಮೊಬೈಲ್ ಪ್ರಸಾರವೇ ಮೈದಾನಕ್ಕಿಂತ ಎಷ್ಟೋ ಸೆಕೆಂಡ್ ಹಿಂದೆ. ಆ ಮೆಸೇಜು ಇಲ್ಲಿ ಮುಟ್ಟಿ, ಇವನು ಆ್ಯಪ್ ತೆರೆಯುವ ಹೊತ್ತಿಗೆ ಬೆಲೆ ಬದಲಾಗಿರುತ್ತಿತ್ತು. ಅದಕ್ಕೂ ಬೈಗುಳ ಇವನಿಗೇ.

ಗೆದ್ದಾಗ ಲೆಕ್ಕ ಪಕ್ಕಾ. ಸೋತಾಗ "ಮುಂದಿನ ಮ್ಯಾಚಿನ್ಯಾಗ ಅಡ್ಜಸ್ಟ್ ಮಾಡೂಣು." ಸ್ವಲ್ಪ ಯೋಚನೆ ಮಾಡಿ, ಇಲ್ಲಿ ಬುಕ್ಕಿ ಯಾರು? ಉದ್ರಿ ಕೊಡುತ್ತಿರುವವರು, ಪಟ್ಟಿ ಇಟ್ಟವರು, ವಸೂಲಿಗೆ ಕಾಯುವವರು ನೀವು. ಯುಕೆ ಕಾನೂನು ತೆಗೆದುಹಾಕಿದ ಉದ್ರಿಯನ್ನು ನೀವು ನಿಮ್ಮ ಸಂಬಳದಿಂದ ವಾಪಸ್ ತರುತ್ತಿದ್ದೀರಿ. ಇದರ ಮೇಲೆ ಕಮಿಷನ್ ತಗೊಳ್ಳಲು ಶುರುಮಾಡಿದರಂತೂ ಇನ್ನೂ ಕಷ್ಟ. ಲೈಸೆನ್ಸ್ ಇಲ್ಲದೆ ಬೆಟ್ಟಿಂಗ್ ವ್ಯವಹಾರ ನಡೆಸುವುದು ಇಲ್ಲಿಯ 2005ರ ಗ್ಯಾಂಬ್ಲಿಂಗ್ ಕಾಯ್ದೆಯಲ್ಲಿ ಅಪರಾಧ.

ಒಂದು ದಿನ ಆ ಹುಡುಗನಿಗೆ ಮೀಟಿಂಗಿನಿಂದ ಏಳಲು ಆಗಲಿಲ್ಲ. ಪಾಸ್‌ವರ್ಡನ್ನೇ ಅಣ್ಣನಿಗೆ ಕಳಿಸಿಬಿಟ್ಟ. ಹುಬ್ಬಳ್ಳಿಯಿಂದ ಲಾಗಿನ್ ಪ್ರಯತ್ನ ಆಯಿತು. ಸಂಜೆಯೊಳಗೆ ಅಕೌಂಟ್ ಬಂದ್. ಒಳಗೆ ಸಾವಿರಕ್ಕೂ ಮೇಲೆ ಪೌಂಡ್ ಗೆಲುವು ಕೂತಿತ್ತು. ಪಾಸ್‌ಪೋರ್ಟ್, ಸಂಬಳದ ಸ್ಲಿಪ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ ಅಂತ ಕಂಪನಿಯಿಂದ ಈಮೇಲ್ ಬಂತು. ಕೊನೆಗೆ ಒಂದು ಪ್ರಶ್ನೆ: ಈ ಬೆಟ್‌ಗಳನ್ನು ನಿಮಗಾಗಿ ಹಾಕಿದಿರಾ, ಬೇರೆ ಯಾರಿಗಾದರೂ ಹಾಕಿದಿರಾ?

ಒಳ್ಳೆಯ ಹುಡುಗ, ನಿಜ ಹೇಳಿದ. ಅಣ್ಣನ ವಾಟ್ಸಾಪ್ ಚಾಟನ್ನೂ ಕಳಿಸಿದ. ಅಕೌಂಟ್ ತೆರೆಯುವಾಗ ಒಪ್ಪಿಕೊಂಡ ಷರತ್ತಿನಲ್ಲಿ ಬೇರೆಯವರ ಪರವಾಗಿ ಬೆಟ್ ಹಾಕಬಾರದು ಅಂತ ಇತ್ತು. ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಷರತ್ತಿನಲ್ಲೂ ಇದು ಇರುತ್ತದೆ. ಗೆಲುವು ರದ್ದಾಯಿತು, ಹಾಕಿದ ಹಣ ಮಾತ್ರ ಎಷ್ಟೋ ವಾರಗಳ ಮೇಲೆ ವಾಪಸ್ ಬಂತು. ಹುಬ್ಬಳ್ಳಿಯ ಅಣ್ಣ ಇದನ್ನು ನಂಬಲೇ ಇಲ್ಲ. "ನನ್ನ ರೊಕ್ಕ ತಿಂದಾನ" ಅಂತ ಬಂಧುಬಳಗಕ್ಕೆಲ್ಲ ಹೇಳಿಕೊಂಡು ಬಂದ. ಎರಡು ಮನೆಯ ನಡುವೆ ಹೋಗಿಬರುವುದು ಇವತ್ತಿಗೂ ನಿಂತಿದೆ.

ಅದರ ಬೆನ್ನಿಗೇ ಮನೆ ಸಾಲದ ವಿಷಯ ಬಂತು. ಇಲ್ಲಿ ಮನೆ ಕೊಳ್ಳಲು ಹೋದಾಗ ಸಾಲ ಕೊಡುವವರು ಸಾಮಾನ್ಯವಾಗಿ ಕೊನೆಯ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಬೆಟ್ ಹಾಕಿದ್ದು ಕ್ರೆಡಿಟ್ ರಿಪೋರ್ಟಿನಲ್ಲಿ ಕಾಣುವುದಿಲ್ಲ, ಅದಕ್ಕೇ ಜನ ನಿಶ್ಚಿಂತೆಯಾಗಿರುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಮಾತ್ರ ಸಾಲುಸಾಲಾಗಿ ಬೆಟ್ಟಿಂಗ್ ಕಂಪನಿಯ ಹೆಸರು ಇರುತ್ತದೆ. ಅದರಲ್ಲಿ ಹುಬ್ಬಳ್ಳಿಯ ಅಣ್ಣನ ಹೆಸರು ಎಲ್ಲೂ ಇರುವುದಿಲ್ಲ. ಜೂಜಾಡುವವರು ನೀವೇ ಅಂತ ಓದುತ್ತಾರೆ. ಈ ಹುಡುಗನಿಗೆ ಮೊದಲ ಕಡೆ ಸಾಲ ಸಿಗಲಿಲ್ಲ. ಆರು ತಿಂಗಳು ಸ್ಟೇಟ್‌ಮೆಂಟ್ ಸ್ವಚ್ಛವಾಗಿಟ್ಟುಕೊಂಡು ಮತ್ತೆ ಬನ್ನಿ ಅಂತ ಬ್ರೋಕರ್ ಹೇಳಿದರು. ಅಷ್ಟರಲ್ಲಿ ನೋಡಿಟ್ಟಿದ್ದ ಮನೆ ಬೇರೆಯವರ ಪಾಲಾಯಿತು. ಮುಂದಿನ ವರ್ಷ ಮನೆ ಕೊಳ್ಳುವ ಯೋಚನೆ ಇದ್ದರೆ ಈಗಿನಿಂದಲೇ ಒಂದು ಪೌಂಡಿನ ಬೆಟ್ಟೂ ಬೇಡ ಅಂತ ನಾನು ಕೈಮುಗಿದು ಹೇಳುತ್ತೇನೆ.

ಊರಿನ ಕಡೆಯ ಕಾನೂನನ್ನೂ ಕೇಳಿ. "ಕಾಕಾನ ಕೈಯಾಗ ಕೊಡ್ತೀನಿ" ಅಂದರೆ ಏನು? ಪೌಂಡು ಇಲ್ಲಿ ಖರ್ಚು, ರೂಪಾಯಿ ಅಲ್ಲಿ ನಿಮ್ಮ ತಂದೆಯ ಕೈಗೆ, ನಡುವೆ ಬ್ಯಾಂಕೇ ಇಲ್ಲ. ವಿದೇಶದಲ್ಲಿ ಇರುವವರ ಲೆಕ್ಕಕ್ಕೆ ಹೀಗೆ ಹಣ ಕೊಡುವುದು, ತಗೊಳ್ಳುವುದು ಎರಡಕ್ಕೂ 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯ 3ನೇ ಸೆಕ್ಷನ್ ಅಡ್ಡಿಯಾಗುತ್ತದೆ. ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಬೆಟ್ ಹಾಕಿದ್ದು ಅಣ್ಣ, ಆ್ಯಪ್ ಒತ್ತಿದ್ದು ನೀವು. ರೊಕ್ಕ ಎಣಿಸಿಕೊಂಡ ತಪ್ಪಿಗೆ ಏನೂ ಅರಿಯದ ನಿಮ್ಮ ತಂದೆ ನಡುವೆ ಸಿಕ್ಕಿಬೀಳುತ್ತಾರೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವ ವಿಷಯ. ಅಣ್ಣನಿಗೆ ಇದನ್ನೇ ಹೇಳಿ: "ಅಪ್ಪನ ಮ್ಯಾಲೆ ಕೇಸ್ ಬೀಳ್ತದ, ನನ್ನ ಮನಿ ಸಾಲ ಹೋಗ್ತದ, ನಾ ಹಚ್ಚಂಗಿಲ್ಲ." ಒಂದು ವಾರ ಸಿಟ್ಟು ಮಾಡಿಕೊಳ್ಳುತ್ತಾನೆ, ಆಮೇಲೆ ಸರಿಹೋಗುತ್ತಾನೆ.

ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಹೊಸ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. ಹಣ ಹಾಕಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಅದರಿಂದ ಇಂಥ ಆಟಗಳ ಜಾಹೀರಾತು ನಿಂತದ್ದು ಒಳ್ಳೆಯದೇ ಆಯಿತು, ಇಲ್ಲಿಯೂ ಅಷ್ಟು ಗಟ್ಟಿ ಮನಸ್ಸು ಮಾಡಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಆದರೆ ಪೂರ್ತಿ ನಿಷೇಧದಿಂದ ಆಟ ನಿಲ್ಲುವುದಿಲ್ಲ. ವಾಟ್ಸಾಪ್‌ನಲ್ಲಿ "ಐಡಿ", ಅಂದರೆ ಲೈಸೆನ್ಸ್ ಇಲ್ಲದ ಬೆಟ್ಟಿಂಗ್ ಸೈಟಿನ ಲಾಗಿನ್, ಕೊಡುವವರ ಕೈಗೆ ಹೋಗುತ್ತದೆ. ಆ ಐಡಿಗಳನ್ನು ಯುಕೆಯಲ್ಲಿ ಕೂತು ತಗೊಳ್ಳುವವರೂ ಇದ್ದಾರೆ. ದಯವಿಟ್ಟು ಬೇಡ. ಅವರು ದುಡ್ಡು ಕೊಡದಿದ್ದರೆ ಎರಡೂ ದೇಶದಲ್ಲಿ ಕೇಳುವವರು ಯಾರೂ ಇರುವುದಿಲ್ಲ.

ಯುಕೆ ವ್ಯವಸ್ಥೆಯಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ಗ್ಯಾಮ್‌ಸ್ಟಾಪ್. ಆಟ ಕೈಮೀರುತ್ತಿದೆ ಅನ್ನಿಸಿದರೆ ಉಚಿತವಾಗಿ ಅದರಲ್ಲಿ ಹೆಸರು ಬರೆಸಬಹುದು. ಇಲ್ಲಿ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ನಿಮ್ಮನ್ನು ಹೊರಗಿಡಲೇಬೇಕು. ಆರು ತಿಂಗಳು, ಒಂದು ವರ್ಷ, ಐದು ವರ್ಷ, ಆಯ್ಕೆ ನಿಮ್ಮದು. ಒಮ್ಮೆ ಬರೆಸಿದರೆ ಆ ಅವಧಿಯೊಳಗೆ ನೀವೇ ಬೇಡಿಕೊಂಡರೂ ತೆಗೆಯುವುದಿಲ್ಲ. ಹೊಸಬರು ಪದೇ ಪದೇ ರೂಮು ಬದಲಿಸುತ್ತೀರಿ, ಹಾಗಾಗಿ ಹಳೆಯ ವಿಳಾಸ, ಹಳೆಯ ಈಮೇಲ್ ಎಲ್ಲವನ್ನೂ ಅದರಲ್ಲಿ ಸೇರಿಸಿ. ಇಲ್ಲದಿದ್ದರೆ ಒಂದು ಹಳೇ ಅಕೌಂಟ್ ತಪ್ಪಿಸಿಕೊಂಡುಬಿಡಬಹುದು. ಬೀದಿಯ ಅಂಗಡಿಗಳು ಇದರಡಿ ಬರುವುದಿಲ್ಲ, ಅವಕ್ಕೆ ಬೇರೆ ಪದ್ಧತಿ ಇದೆ. ಇದರ ಜೊತೆಗೆ ಬ್ಯಾಂಕಿನ ಆ್ಯಪ್‌ನಲ್ಲಿ ಜೂಜಿನ ಪಾವತಿ ತಡೆಯುವ ಬಟನ್ ಇದ್ದರೆ ಅದನ್ನೂ ಒತ್ತಿಬಿಡಿ. "ಗ್ಯಾಮ್‌ಸ್ಟಾಪ್‌ನಲ್ಲಿ ಇಲ್ಲದ ಸೈಟು" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಅದಕ್ಕೆ ಇಲ್ಲಿ ಲೈಸೆನ್ಸೇ ಇಲ್ಲ ಅಂತ ಅರ್ಥ.

ಅಕೌಂಟ್ ಈಗಾಗಲೇ ಬಂದ್ ಆಗಿದ್ದರೆ ಮೊದಲು ಕಂಪನಿಗೇ ಬರೆದು ದೂರು ಕೊಡಿ. ಸುಳ್ಳು ಬರೆಯಬೇಡಿ, ಇನ್ನೊಂದು ಹೆಸರಲ್ಲಿ ಹೊಸ ಅಕೌಂಟ್ ತೆರೆಯಬೇಡಿ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಕಂಪನಿ ಹೆಸರಿಸಿರುವ ಸ್ವತಂತ್ರ ಮಧ್ಯಸ್ಥಿಕೆ ಸಂಸ್ಥೆಗೆ ಹೋಗಬಹುದು, ಗಿರಾಕಿಗೆ ಅದು ಉಚಿತ. ಗ್ಯಾಂಬ್ಲಿಂಗ್ ಕಮಿಷನ್ ನಿಮ್ಮ ಹಣ ಕೊಡಿಸುವುದಿಲ್ಲ, ಅಲ್ಲಿ ಬರೆದು ವಾರಗಟ್ಟಲೆ ಕಾಯಬೇಡಿ.

ದುಡ್ಡಿನ ಜೊತೆ ನಿದ್ದೆಯೂ ಹೋಗುತ್ತಿದೆ, ಮನೆಯಲ್ಲಿ ಹೇಳಲು ಆಗುತ್ತಿಲ್ಲ ಅನ್ನುವವರು ಜೂಜಿನಿಂದ ತೊಂದರೆಗೆ ಸಿಕ್ಕವರಿಗಾಗಿ ಇರುವ ಇಲ್ಲಿಯ ರಾಷ್ಟ್ರೀಯ ಸಹಾಯವಾಣಿ 0808 8020 133ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಕರೆ ಉಚಿತ. ಹೆಂಡತಿ, ಅಣ್ಣತಮ್ಮಂದಿರು, ರೂಮಿನ ಗೆಳೆಯರು ಕೂಡ ಇದೇ ನಂಬರಿಗೆ ಕರೆ ಮಾಡಿ ಏನು ಮಾಡಬೇಕು ಅಂತ ಕೇಳಬಹುದು.