ರಿಸೆಟ್ ಆಗುವ ಕ್ಷಣದಲ್ಲಿ ಇಂಟರಪ್ಟ್ ಎಲ್ಲಿತ್ತು? ವರ್ಚುವಲ್ ಪ್ರೊಸೆಸರನ್ನು ಪರೀಕ್ಷಿಸುವ ಒಂದು ವಿಧಾನ

ಕಳೆದ ಮಳೆಗಾಲದಲ್ಲಿ ನಾನು ಬರೆದಿದ್ದ ಪರೀಕ್ಷೆಯೊಂದು ಮೂರು ವಾರಗಳ ಕಾಲ ಒಂದು ದಿನವೂ ತಪ್ಪದೆ ಪಾಸಾಗುತ್ತಿತ್ತು. ವರ್ಚುವಲ್ ಪ್ರೊಸೆಸರನ್ನು (ಹೈಪರ್‌ವೈಸರ್ ಎಂಬ ತಂತ್ರಾಂಶ ಯಂತ್ರದೊಳಗೆ ಸೃಷ್ಟಿಸುವ ಪ್ರೊಸೆಸರನ್ನು) ರಿಸೆಟ್ ಮಾಡಿದ ಮೇಲೆ ಹಳೆಯ ಇಂಟರಪ್ಟ್ (ಕೈಯಲ್ಲಿರುವ ಕೆಲಸ ಬಿಟ್ಟು ಇತ್ತ ನೋಡು ಎಂದು ಪ್ರೊಸೆಸರಿಗೆ ಬರುವ ಸೂಚನೆ) ಮರಳಿ ಬರಕೂಡದು ಎಂಬುದು ಅದರ ಷರತ್ತು. ಅದು ಬರುತ್ತಲೂ ಇರಲಿಲ್ಲ. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟಿಗೆಂದು ಅದನ್ನೇ ಓಡಿಸಿ ನೋಡಿ, “ಸರ್, ಹಳೇದಿರ್ಲಿ, ಹೊಸದೂ ಬರವಲ್ದಲ್ರೀ” ಎಂದಳು. ರಿಸೆಟ್ ಆದ ಬಳಿಕ, ಪ್ರೊಸೆಸರಿಗೆ ಬರುವ ಇಂಟರಪ್ಟುಗಳನ್ನು ನಿಭಾಯಿಸುವ ಲೋಕಲ್ ಎಪಿಕ್ಕನ್ನು ಮತ್ತೆ ಚಾಲೂ ಮಾಡುವ ಸಾಲನ್ನೇ ನಾನು ಬರೆದಿರಲಿಲ್ಲ. ಮೌನವನ್ನು ನಾನು ಯಶಸ್ಸೆಂದು ಎಣಿಸಿಕೊಂಡು ಕುಳಿತಿದ್ದೆ.

ಈ ತಪ್ಪು ಸುಲಭವಾಗಿ ಆಗುವುದಕ್ಕೆ ಕಾರಣವಿದೆ. ಎಕ್ಸ್86 ಪ್ರೊಸೆಸರ್ ರಿಸೆಟ್ಟಿನಿಂದ ಹೊರಬಂದಾಗ ಅದರ ಬಾಗಿಲಿಗೆ ಮೂರು ಬೀಗಗಳಿರುತ್ತವೆ: ಫ್ಲ್ಯಾಗ್ ರಿಜಿಸ್ಟರಿನ ಮೌಲ್ಯ ಕೇವಲ 2 ಆಗಿರುವುದರಿಂದ ಇಂಟರಪ್ಟ್ ಅನುಮತಿಯ ಬಿಟ್ ಸೊನ್ನೆಯಾಗಿರುತ್ತದೆ, ಸ್ಪ್ಯೂರಿಯಸ್ ವೆಕ್ಟರ್ ರಿಜಿಸ್ಟರಿನ 8ನೇ ಬಿಟ್ ಸೊನ್ನೆಯಾಗಿರುವುದರಿಂದ ಎಪಿಕ್ ಸಾಫ್ಟ್‌ವೇರ್ ಮಟ್ಟದಲ್ಲಿ ಬಂದಾಗಿರುತ್ತದೆ, ಟೈಮರ್ ಮೊದಲಾದ ಸ್ಥಳೀಯ ಮೂಲಗಳ ನಮೂದುಗಳೆಲ್ಲ 10000 ಎಂಬ ಮೌಲ್ಯದೊಂದಿಗೆ ಮುಚ್ಚಿರುತ್ತವೆ. ಈ ಮೂರನ್ನೂ ತೆಗೆಯದೆ “ಏನೂ ಬರಲಿಲ್ಲ” ಎನ್ನುವುದಕ್ಕೆ ಅರ್ಥವಿಲ್ಲ. ಇಲ್ಲಿ ವೆಕ್ಟರ್ ಸಂಖ್ಯೆಗಳನ್ನು, ಅಂದರೆ ಇಂಟರಪ್ಟುಗಳ ಗುರುತು ಸಂಖ್ಯೆಗಳನ್ನು, ದಶಮಾನದಲ್ಲಿಯೂ ರಿಜಿಸ್ಟರುಗಳ ಸ್ಥಾನ, ಮೌಲ್ಯ ಮತ್ತು ಮೆಮೊರಿ ವಿಳಾಸಗಳನ್ನು ಹೆಕ್ಸಾಡೆಸಿಮಲ್‌ನಲ್ಲಿಯೂ ಕೊಟ್ಟಿದ್ದೇನೆ.

ಮೊದಲು ಯಾವ ರಿಸೆಟ್ಟನ್ನು ಪರೀಕ್ಷಿಸುತ್ತಿದ್ದೇವೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ವರ್ಚುವಲ್ ಯಂತ್ರವನ್ನು ಓಡಿಸುವ ಕ್ವೆಮು ತಂತ್ರಾಂಶದ ಆಜ್ಞಾ ಮಾನಿಟರಿನಲ್ಲಿ ‘ಸಿಸ್ಟಮ್ ರಿಸೆಟ್’ ಆಜ್ಞೆ ಕೊಟ್ಟರೆ ಕ್ವೆಮು ತನ್ನ ಬಳಿಯಿರುವ ಪ್ರೊಸೆಸರ್ ಸ್ಥಿತಿಯನ್ನು ಹೊಸದಾಗಿಸಿ, ಅದನ್ನು ಐಆಕ್ಟಲ್ ಎಂಬ ಕರ್ನಲ್ ಕರೆಗಳ ಮೂಲಕ ಲಿನಕ್ಸಿನ ಹೈಪರ್‌ವೈಸರ್ ಆದ ಕೆವಿಎಂಗೆ ಬರೆಯುತ್ತದೆ. ಅಂದರೆ ಅಲ್ಲಿ ಪರೀಕ್ಷೆಗೊಳಗಾಗುವುದು ಹೆಚ್ಚಾಗಿ ಕ್ವೆಮುವೇ. ಒಂದು ವರ್ಚುವಲ್ ಪ್ರೊಸೆಸರ್ ಇನ್ನೊಂದಕ್ಕೆ ‘ಮೊದಲ ಸ್ಥಿತಿಗೆ ಮರಳು’ ಎನ್ನುವ ಇನಿಟ್ ಸಂದೇಶ ಕಳುಹಿಸಿದಾಗ ಮಾತ್ರ ಲಿನಕ್ಸ್ ಕರ್ನಲ್ಲಿನೊಳಗಿರುವ ಕೆವಿಎಂನ ರಿಸೆಟ್ ದಾರಿ ನೇರವಾಗಿ ಓಡುತ್ತದೆ. ಇನಿಟ್ ಎಂಬುದು ಪೂರ್ಣ ರಿಸೆಟ್ ಅಲ್ಲವೆಂಬುದನ್ನೂ ನೆನಪಿಡಬೇಕು: ಎಪಿಕ್ ಗುರುತು ಸಂಖ್ಯೆ, ಟೈಮ್‌ಸ್ಟ್ಯಾಂಪ್ ಎಣಿಕೆ, ಫ್ಲೋಟಿಂಗ್ ಪಾಯಿಂಟ್ ಸ್ಥಿತಿ ಇವು ಉಳಿಯುತ್ತವೆ, ಬಾಕಿಯಿರುವ ಇಂಟರಪ್ಟುಗಳು ಉಳಿಯಬಾರದು. ಈ ಬರಹ ಇನಿಟ್ ದಾರಿಯನ್ನೇ ಹಿಡಿಯುತ್ತದೆ.

ಸಾಧನಗಳು ದುಬಾರಿಯವೇನಲ್ಲ. ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಎಂಬ ವರ್ಚುವಲೈಸೇಶನ್ ಸೌಲಭ್ಯ ಇರುವ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್, ಮತ್ತು ಕೆವಿಎಂ-ಯೂನಿಟ್-ಟೆಸ್ಟ್ಸ್ ಎಂಬ ಮುಕ್ತ ಸಂಗ್ರಹ ಸಾಕು. ಆ ಸಂಗ್ರಹದ ಪ್ರತಿಯೊಂದು ಪರೀಕ್ಷೆಯೂ ಆಪರೇಟಿಂಗ್ ಸಿಸ್ಟಮ್ ಇಲ್ಲದೆ ತಾನೇ ಬೂಟ್ ಆಗುವ ಪುಟ್ಟ ಗೆಸ್ಟ್ (ವರ್ಚುವಲ್ ಯಂತ್ರದೊಳಗೆ ಓಡುವ ಪ್ರೋಗ್ರಾಂ) ಆಗಿರುವುದರಿಂದ ನಡುವೆ ಬೇರೆ ಯಾವ ಡ್ರೈವರಿನ ಗದ್ದಲವೂ ಇರುವುದಿಲ್ಲ. ಗೆಸ್ಟಿಗೆ ಎರಡು ವರ್ಚುವಲ್ ಪ್ರೊಸೆಸರುಗಳನ್ನು ಕೊಡಿ: 0ನೆಯದು ನಿಯಂತ್ರಕ, 1ನೆಯದು ಗುರಿ. ಎರಡೂ ಓದಬಲ್ಲ ಮೆಮೊರಿಯಲ್ಲಿ ಎರಡು ಎಣಿಕೆಗಳನ್ನಿಡಿ, ಮುಂದೆ ಹೇಳುವ ಎರಡು ಇಂಟರಪ್ಟುಗಳು ಎಷ್ಟು ಸಲ ಬಂದವು ಎಂದು ಎಣಿಸಲು. ಪ್ರೊಸೆಸರ್ ರಿಸೆಟ್ ಆದರೂ ಮೆಮೊರಿ ಅಳಿಯದು, ಆದ್ದರಿಂದ ಸಾಕ್ಷಿ ಉಳಿಯುತ್ತದೆ.

ರಿಸೆಟ್ಟಿಗೆ ಮುಂಚೆ ಕಳುಹಿಸುವ ಇಂಟರಪ್ಟಿಗೆ ವೆಕ್ಟರ್ 65, ನಂತರ ಕಳುಹಿಸುವುದಕ್ಕೆ ವೆಕ್ಟರ್ 66 ಇಟ್ಟುಕೊಳ್ಳಿ. ಈ ಆಯ್ಕೆ ಕಾಕತಾಳೀಯವಲ್ಲ. ಎಪಿಕ್ ವೆಕ್ಟರುಗಳನ್ನು ಹದಿನಾರರ ಗುಂಪುಗಳಾಗಿ ಮಾಡಿ ಆದ್ಯತೆ ನೋಡುತ್ತದೆ; 64ರಿಂದ 79ರವರೆಗಿನವೆಲ್ಲ ಒಂದೇ ವರ್ಗ. 65 ಇನ್ನೂ ಸೇವೆಯಲ್ಲಿದೆ ಎಂದು ಎಪಿಕ್ ತಪ್ಪಾಗಿ ತಿಳಿದಿದ್ದರೆ ಅದೇ ವರ್ಗದ 66 ಹೊರಗೇ ಕಾಯುತ್ತದೆ, ದೋಷ ಕಣ್ಣಿಗೆ ಬೀಳುತ್ತದೆ. ನೀವು ಧಾರಾಳವಾಗಿ 80ನ್ನು ಬಳಸಿದಿರೋ, ಅದು ಮೇಲಿನ ವರ್ಗದ್ದಾದ್ದರಿಂದ ನುಗ್ಗಿ ಬರುತ್ತದೆ, ಪರೀಕ್ಷೆ ಪಾಸಾಗುತ್ತದೆ, ದೋಷ ಅಲ್ಲಿಯೇ ಉಳಿಯುತ್ತದೆ.

ಈಗ ಇಂಟರಪ್ಟನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಹಿಡಿದು ನಿಲ್ಲಿಸಿ, ಆಮೇಲೆ ರಿಸೆಟ್ ಮಾಡಬೇಕು. ಮೊದಲನೆಯ ಜಾಗ, ಬಂದಿದೆ ಆದರೆ ಒಳಗೆ ಹೋಗಿಲ್ಲ ಎನ್ನುವ ಸ್ಥಿತಿ. ಗುರಿ ಪ್ರೊಸೆಸರ್ ಇಂಟರಪ್ಟುಗಳನ್ನು ತಡೆದು ಸುತ್ತುತ್ತಿರಲಿ. ನಿಯಂತ್ರಕ 65ನ್ನು ಕಳುಹಿಸಲಿ. ಗುರಿಯು, ಬಾಕಿಯಿರುವ ಇಂಟರಪ್ಟುಗಳನ್ನು ತೋರಿಸುವ ತನ್ನ ಐಆರ್‌ಆರ್ ರಿಜಿಸ್ಟರುಗಳಲ್ಲಿ 220ನೇ ಸ್ಥಾನವನ್ನು ಓದುತ್ತಲೇ ಇರಬೇಕು. ಅಲ್ಲಿ 2 ಕಂಡೊಡನೆ, ಅಂದರೆ 65ಕ್ಕೆ ಸೇರಿದ ಬಿಟ್ ಎದ್ದೊಡನೆ, ಮೆಮೊರಿಯಲ್ಲಿ ಗುರುತು ಹಾಕಬೇಕು. ಆ ಗುರುತನ್ನು ನೋಡದೆ ನಿಯಂತ್ರಕ ಇನಿಟ್ ಕಳುಹಿಸಕೂಡದು. ಇಷ್ಟು ಹೊತ್ತಿಗೆ ತಲುಪಿರುತ್ತದೆ ಎಂಬ ಅಂದಾಜಿನ ಮೇಲೆ ವಿಳಂಬ ಹಾಕಿ ಮುಂದೆ ಹೋಗುವ ಪರೀಕ್ಷೆಗಳನ್ನು ನಾನು ನಂಬುವುದಿಲ್ಲ.

ಇನಿಟ್ ಕಳುಹಿಸಿ 10 ಮಿಲಿಸೆಕೆಂಡ್ ಬಿಟ್ಟು ‘ಇಲ್ಲಿಂದ ಓಡು’ ಎನ್ನುವ ಸ್ಟಾರ್ಟಪ್ ಸಂದೇಶ, 200 ಮೈಕ್ರೊಸೆಕೆಂಡ್ ಬಿಟ್ಟು ಅದೇ ಸಂದೇಶ ಇನ್ನೊಮ್ಮೆ. ಇದು ರೂಢಿಯ ಕ್ರಮ. ಸಂದೇಶದ ವೆಕ್ಟರ್ 8 ಆಗಿದ್ದರೆ ಗುರಿಯು ರಿಯಲ್ ಮೋಡ್‌ನಲ್ಲಿ 8000ನೇ ವಿಳಾಸದಿಂದ ಓಡತೊಡಗುತ್ತದೆ. ಅಲ್ಲಿಂದ ಎಪಿಕ್ಕನ್ನು ಮುಟ್ಟಬಲ್ಲ ಮೋಡಿಗೆ ಏರಿದ ಕೂಡಲೇ, ಯಾವ ಬೀಗವನ್ನೂ ತೆರೆಯುವ ಮುನ್ನ, ಐಆರ್‌ಆರ್ ಮತ್ತು ಸೇವೆಯಲ್ಲಿರುವ ಇಂಟರಪ್ಟುಗಳನ್ನು ತೋರಿಸುವ ಐಎಸ್‌ಆರ್ ಎರಡನ್ನೂ ಓದಿ ಮೆಮೊರಿಗೆ ಬರೆದಿಡಬೇಕು. ಆಮೇಲೆ ಎಪಿಕ್ ಚಾಲೂ ಮಾಡಿ, ಇಂಟರಪ್ಟುಗಳಿಗೆ ಅನುಮತಿ ಕೊಟ್ಟು, ನಿಯಂತ್ರಕದಿಂದ 66ನ್ನು ಬರಮಾಡಿಕೊಳ್ಳಬೇಕು. 65ರ ಎಣಿಕೆ 0, 66ರ ಎಣಿಕೆ 1, ಬರೆದಿಟ್ಟ ರಿಜಿಸ್ಟರುಗಳೆಲ್ಲ ಸೊನ್ನೆ. ಈ ಮೂರೂ ಕೂಡಿದರೆ ಮಾತ್ರ ಪಾಸು.

ಎರಡನೆಯ ಜಾಗ, ಒಳಗೆ ಹೋಗಿದೆ ಆದರೆ ಮುಗಿದಿಲ್ಲ ಎನ್ನುವ ಸ್ಥಿತಿ. 65ರ ಹ್ಯಾಂಡ್ಲರ್ (ಅದು ಬಂದಾಗ ಓಡುವ ಕೋಡ್) ಮುಕ್ತಾಯದ ಸೂಚನೆಯಾದ ಇಒಐ ಬರೆಯದೆ ಒಳಗೇ ಸುತ್ತುತ್ತಿರುವಾಗ ಇನಿಟ್ ಬರಲಿ. ಆಗ ಐಎಸ್‌ಆರ್‌ನ 120ನೇ ಸ್ಥಾನದಲ್ಲಿ 2 ಇರುತ್ತದೆ, ರಿಸೆಟ್ ಆದ ಮೇಲೆ ಇರಬಾರದು. ಈ ಪ್ರಯೋಗದಲ್ಲಿ 65ರ ಎಣಿಕೆ ಮೊದಲೇ 1 ಆಗಿರುವುದರಿಂದ, ಅದು ಅಲ್ಲಿಂದ ಮುಂದೆ ಏರಬಾರದು ಎಂದು ಷರತ್ತನ್ನು ಬದಲಿಸಿಕೊಳ್ಳಿ. ಮೂರನೆಯದು ಹಾಲ್ಟ್ ಸ್ಥಿತಿ: ಮಲಗಿದ್ದ ಗುರಿಗೆ ಇನಿಟ್ ತಲುಪಿದ ಮೇಲೆ 65ನ್ನು ಕಳುಹಿಸಿದರೆ ಅದು ಏಳಕೂಡದು, ಸ್ಟಾರ್ಟಪ್ ಸಂದೇಶಕ್ಕೆ ಮಾತ್ರ ಏಳಬೇಕು. ತಡೆಯಲಾಗದ ಇಂಟರಪ್ಟಾದ ಎನ್‌ಎಂಐಗೂ ಇದೇ ರೀತಿ ಬಾಕಿ ಮತ್ತು ಸೇವೆಯಲ್ಲಿ ಎಂಬ ಎರಡು ಪ್ರಯೋಗಗಳನ್ನು ಮಾಡಬೇಕು. ಟೈಮರಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಅದರ ಹಿಂದೆ ಹೋಸ್ಟ್ (ಅಸಲಿ ಯಂತ್ರದ) ಕರ್ನಲ್ಲಿನ ಇನ್ನೊಂದು ಟೈಮರ್ ಓಡುತ್ತಿರುತ್ತದೆ. ಅದು ನಿಜವಾಗಿ ರದ್ದಾಗಿದೆಯೇ ಎಂದು ತಿಳಿಯಲು, ಎಲ್ಲವನ್ನೂ ತೆರೆದ ಮೇಲೆ ಮೊದಲು ಕೊಟ್ಟಿದ್ದ ಅವಧಿಗಿಂತ ಹೆಚ್ಚು ಹೊತ್ತು ಕಾಯಬೇಕು.

ಲೆವೆಲ್ ಮಾದರಿಯ ಇಂಟರಪ್ಟುಗಳಲ್ಲಿ ಸರಿಯಾದ ಉತ್ತರವೇ ಬೇರೆ. ಟಿಳಕವಾಡಿಯ ರೈಲ್ವೆ ಗೇಟು ಬಿದ್ದಾಗ ಯಾರೋ ಒಮ್ಮೆ ಹಾರ್ನ್ ಹೊಡೆದರೆ ಗೇಟು ಏಳುವ ಹೊತ್ತಿಗೆ ಆ ಸದ್ದು ಉಳಿದಿರುವುದಿಲ್ಲ. ನಿಂತ ಟೆಂಪೊ ಮಾತ್ರ ನಿಂತೇ ಇರುತ್ತದೆ. ಎಡ್ಜ್ ಇಂಟರಪ್ಟ್ ಆ ಹಾರ್ನು, ಲೆವೆಲ್ ಇಂಟರಪ್ಟ್ ಆ ಟೆಂಪೊ. ಗುರಿ ಪ್ರೊಸೆಸರ್ ಒಂದೇ ರಿಸೆಟ್ ಆದಾಗ ಸಾಧನವಾಗಲಿ, ಸಾಧನಗಳ ಇಂಟರಪ್ಟುಗಳನ್ನು ಪ್ರೊಸೆಸರಿಗೆ ತಲುಪಿಸುವ ಐಒ-ಎಪಿಕ್ ಆಗಲಿ ರಿಸೆಟ್ ಆಗುವುದಿಲ್ಲ, ಸಾಧನದ ತಂತಿ ಎದ್ದೇ ಇರುತ್ತದೆ. ಜೊತೆಗೆ ಒಂದು ತೊಡಕೂ ಇದೆ: ಇಒಐ ಬರಬೇಕಿದ್ದ ಪ್ರೊಸೆಸರೇ ಮರೆತು ಎದ್ದಿರುವುದರಿಂದ ಐಒ-ಎಪಿಕ್ ನಮೂದಿನ 14ನೇ ಬಿಟ್, ರಿಮೋಟ್ ಐಆರ್‌ಆರ್, 1 ಆಗಿಯೇ ಉಳಿದು ಮುಂದಿನ ಇಂಟರಪ್ಟನ್ನು ತಡೆಯುತ್ತದೆ. ಇದು ಹೈಪರ್‌ವೈಸರಿನ ದೋಷವಲ್ಲ. ಗೆಸ್ಟ್ ಆ ನಮೂದನ್ನು ಮುಚ್ಚಿ, ಎಡ್ಜ್‌ಗೆ ಬದಲಿಸಿ ಮತ್ತೆ ಲೆವೆಲ್‌ಗೆ ತಂದು ಬಿಟ್ಟನ್ನು ಬಿಡಿಸಬೇಕು. ಆಗ ಇಂಟರಪ್ಟ್ ತಾನಾಗಿ ಮತ್ತೆ ಬಂದರೆ ಅದೇ ಪಾಸು.

ಇಷ್ಟೂ ನಿಶ್ಚಿತ ಪ್ರಯೋಗಗಳಾದವು. ಇವು ಪಾಸಾದ ಮೇಲೆ ಗುರುತಿಗೆ ಕಾಯದೆ, 65 ಮತ್ತು ಇನಿಟ್ ನಡುವಿನ ಅಂತರವನ್ನು ಯಾದೃಚ್ಛಿಕವಾಗಿ ಬದಲಿಸುತ್ತ ಸಾವಿರಾರು ಸುತ್ತು ಓಡಿಸಿ, ಪ್ರತಿ ಸುತ್ತಿನ ಬೀಜಸಂಖ್ಯೆಯನ್ನು (ಸೀಡ್) ಮುದ್ರಿಸಿ. ಎರಡು ವರ್ಚುವಲ್ ಪ್ರೊಸೆಸರುಗಳನ್ನು ಹೋಸ್ಟಿನ ಎರಡು ಬೇರೆ ಕೋರುಗಳಿಗೆ ಕಟ್ಟಿ ಒಮ್ಮೆ, ಒಂದೇ ಕೋರಿಗೆ ಕಟ್ಟಿ ಇನ್ನೊಮ್ಮೆ ಓಡಿಸುವುದು ಒಳ್ಳೆಯದು. ಜುಲೈ ತಿಂಗಳ ಒಂದು ಸಂಜೆ ಕರೆಂಟು ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಿಧಾನವಾದಾಗ, ಹಗಲೆಲ್ಲ ಬಾರದಿದ್ದ ವೈಫಲ್ಯವೊಂದು ನನಗೆ ಕೆಲವೇ ನಿಮಿಷಗಳಲ್ಲಿ ಕಂಡಿತು. ಅಂದಿನಿಂದ ಪ್ರೊಸೆಸರಿನ ವೇಗವನ್ನು ಬೇಕೆಂದೇ ತಗ್ಗಿಸಿಯೂ ಓಡಿಸುತ್ತೇನೆ. ಇಂಟೆಲ್ ಯಂತ್ರದಲ್ಲಿ, ಎಪಿಕ್ಕಿನ ಕೆಲಸವನ್ನು ಯಂತ್ರಾಂಶಕ್ಕೇ ವಹಿಸುವ ಎಪಿಕ್-ವಿ ಸೌಲಭ್ಯವನ್ನು ಕೆವಿಎಂ ಮಾಡ್ಯೂಲಿನ ಆಯ್ಕೆಯಿಂದ ತೆರೆದು ಮತ್ತು ಮುಚ್ಚಿ ಎರಡೂ ರೀತಿ ನೋಡಲೇಬೇಕು. ಅದು ತೆರೆದಿದ್ದಾಗ ಬಾಕಿ ಇಂಟರಪ್ಟ್ ಐಆರ್‌ಆರ್‌ಗೆ ಬರುವ ಮುನ್ನ ಪೋಸ್ಟೆಡ್ ಇಂಟರಪ್ಟ್ ಡಿಸ್ಕ್ರಿಪ್ಟರ್ ಎಂಬ ಮೆಮೊರಿ ಜಾಗದಲ್ಲಿ ತಂಗುತ್ತದೆ, ಅಂದರೆ ತೊಳೆಯಬೇಕಾದ ಜಾಗ ಇನ್ನೊಂದು ಹೆಚ್ಚಾಗುತ್ತದೆ. ವೈಫಲ್ಯ ಸಿಕ್ಕರೆ ಟ್ರೇಸ್-ಕಮಾಂಡ್ ಉಪಕರಣದಿಂದ ಕೆವಿಎಂ ಘಟನೆಗಳನ್ನು ದಾಖಲಿಸಿ, ಎಪಿಕ್ 65ನ್ನು ಸ್ವೀಕರಿಸಿದ ಸಾಲಿನಿಂದ ಅದು ಗೆಸ್ಟಿಗೆ ಸೇರಿದ ಸಾಲಿನವರೆಗೆ ಓದಿಕೊಂಡು ಹೋಗಿ. ನಡುವೆ ಇನಿಟ್ ಎಲ್ಲಿ ನುಸುಳಿತೆಂಬುದು ಸಾಮಾನ್ಯವಾಗಿ ಅಲ್ಲಿಯೇ ಕಾಣುತ್ತದೆ.

ಆರ್ಮ್ ಯಂತ್ರದಲ್ಲಿ ಹೆಸರುಗಳು ಬೇರೆ, ಪ್ರಶ್ನೆ ಅದೇ. ಅಲ್ಲಿ ಇನಿಟ್ ಬದಲು ಪಿಎಸ್‌ಸಿಐ ಎಂಬ ವಿದ್ಯುತ್ ನಿಯಂತ್ರಣ ಕರೆಗಳಿಂದ ಪ್ರೊಸೆಸರನ್ನು ಆಫ್ ಮಾಡಿ ಮತ್ತೆ ಆನ್ ಮಾಡುತ್ತೇವೆ, ಅದು ಎದ್ದಾಗ ಇಂಟರಪ್ಟ್ ಮೊದಲಾದವುಗಳ ನಾಲ್ಕು ಬಗೆಯ ತಡೆಗಳೂ ಬಿದ್ದಿರುತ್ತವೆ, ಆದ್ದರಿಂದ ಮೌನದ ಮೋಸ ಅಲ್ಲಿಯೂ ಇದೆ.

ಕೊನೆಯದಾಗಿ, ಪರೀಕ್ಷೆಯನ್ನು ಬೇಕೆಂದೇ ಸೋಲಿಸಿ ನೋಡಬೇಕು. ಪ್ರತ್ಯೇಕ ಯಂತ್ರದಲ್ಲಿ ಕರ್ನಲ್ ಕಟ್ಟಿ, ಕೆವಿಎಂನ ಎಪಿಕ್ ರಿಸೆಟ್ ಕಾರ್ಯದಲ್ಲಿ ಐಎಸ್‌ಆರ್ ಅಳಿಸುವ ಸಾಲೊಂದನ್ನು ತೆಗೆದು ಎರಡನೆಯ ಪ್ರಯೋಗವನ್ನು ಓಡಿಸಿ. ಸೇವೆಯಲ್ಲಿರುವ ವೆಕ್ಟರುಗಳ ಲೆಕ್ಕವನ್ನು ಕೆವಿಎಂ ರಿಜಿಸ್ಟರಿನ ಹೊರಗೆ ಬೇರೆಯಾಗಿಯೂ ಇಟ್ಟುಕೊಳ್ಳುವುದರಿಂದ 66 ಬಂದುಬಿಡುವ ಸಾಧ್ಯತೆಯೂ ಉಂಟು. ಆದರೆ ಬೀಗ ತೆರೆಯುವ ಮುನ್ನ ಬರೆದಿಟ್ಟ 120ನೇ ಸ್ಥಾನದಲ್ಲಿ ಸೊನ್ನೆಯ ಬದಲು 2 ಕಾಣಬೇಕು. ಅದು ಕಾಣದಿದ್ದರೆ ತಿದ್ದಬೇಕಾದದ್ದು ನಿಮ್ಮ ಪರೀಕ್ಷೆಯನ್ನು.